ರಾಯಚೂರಿನ ಗಡಿಗೆ ಮಂಗಳೂರಿಗೆ ಬೇಡ

ಪುಟ್ಟಿ,

ನಿನ್ನೆ ಫೋನಿನಲ್ಲಿ ನಿನ್ನ ಸಂತೋಷ ಎರಡೇ ನಿಮಿಷ ಇತ್ತು. “ದೊಡ್ಡಪ್ಪಾ, ಎಫ್‌ಡಿಎ ಆರ್ಡರ್ ಕೈಗೆ ಬಂತು” ಅಂದೆ. ಒಮ್ಮೆ ಉಸಿರೆಳೆದುಕೊಂಡು “ರಾಯಚೂರು” ಅಂದೆ. ಆಮೇಲೆ ಮಾತೆಲ್ಲ ಡಿಗ್ರಿಯದ್ದೇ. ಬೆಂಗಳೂರು ಇವತ್ತು ಎಷ್ಟು, ರಾಯಚೂರು ಎಷ್ಟು ಎಂದು ಮೊಬೈಲಿನಲ್ಲಿ ಎರಡೂ ಊರನ್ನು ಅಕ್ಕಪಕ್ಕ ಇಟ್ಟು ನೋಡಿ, ಕೆಲಸಕ್ಕೆ ಸೇರುವ ಮೊದಲೇ ವರ್ಗಾವಣೆ ಅರ್ಜಿ ಬರೆಯುವುದು ಹೇಗೆಂದು ಕೇಳಿದೆ. ಅದನ್ನು ಬೇಕಾದರೆ ಆಮೇಲೆ ಹೇಳಿಕೊಡುತ್ತೇನೆ. ಊರಿಗೂ ಊರಿಗೂ ಹವೆ ಹೋಲಿಸುವುದು ಹೇಗೆ ಅನ್ನುವುದನ್ನು ಮೊದಲು ಕೇಳು. ಮೂವತ್ತನಾಲ್ಕು ವರ್ಷ ಬ್ಯಾಂಕಿನ ಕೆಲಸಕ್ಕೆಂದು ಪೆಟ್ಟಿಗೆ ಹೊತ್ತು ತಿರುಗಿದವನು ಇಷ್ಟಾದರೂ ಹೇಳಬಹುದು.

ನನ್ನ ಮೊದಲ ಊರೂ ರಾಯಚೂರೇ. ತೀರ್ಥಹಳ್ಳಿ ಕಡೆಯ ಹುಡುಗ ನಾನು. ಮಳೆಗಾಲದಲ್ಲಿ ಬಚ್ಚಲ ಒಲೆಯ ಮುಂದೆ ಅಂಗಿ ಒಣಗಿಸಿಕೊಂಡು ಶಾಲೆಗೆ ಹೋದವನು. ಏಪ್ರಿಲ್ ತಿಂಗಳಲ್ಲಿ ರಾಯಚೂರಿಗೆ ಬಂದು ಇಳಿದೆ. ದಿನಾ ಸಂಜೆ ಮನೆಯ ಮಾಲೀಕಮ್ಮನ ಎದುರು ಒಂದೇ ಹಾಡು: “ನಮ್ಮ ಕಡೆ ಹೀಗಿಲ್ಲ, ನಮ್ಮ ಕಡೆ ಮಳೆ, ನಮ್ಮ ಕಡೆ ತಂಪು.” ಆಯಮ್ಮ ಒಂದು ವಾರ ಕೇಳಿಸಿಕೊಂಡರು. ಎಂಟನೇ ದಿನ ಒಂದು ಮಣ್ಣಿನ ಗಡಿಗೆ ತಂದು ನನ್ನ ಬಾಗಿಲಿಗಿಟ್ಟರು. “ತಮ್ಮಾ, ನಿಮ್ಮೂರ ಮಳಿ ನಿಮ್ಮೂರಾಗ ಇರ್ಲಿ. ನೀ ಮೊದ್ಲ ಈ ಗಡಿಗ್ಯಾಗ ನೀರು ತುಂಬು.”

ತುಂಬಿದೆ. ಅವರು ಹೇಳಿದಂತೆ ನೆರಳಿನಲ್ಲಿ ಮರಳು ಹಾಸಿ ಅದರ ಮೇಲಿಟ್ಟು, ಸುತ್ತ ಒದ್ದೆ ಬಟ್ಟೆ ಸುತ್ತಿದೆ. ರಾತ್ರಿ ಊಟಕ್ಕೆ ಕುಳಿತಾಗ ಆ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು.

ನಾಲ್ಕು ವರ್ಷದ ನಂತರ ಮಂಗಳೂರಿಗೆ ವರ್ಗವಾಯಿತು. ಗಡಿಗೆಯ ಮೇಲೆ ಅಷ್ಟು ಮೋಹ ನನಗೆ, ಒಣಹುಲ್ಲು ಸುತ್ತಿ ಲಾರಿಯಲ್ಲಿ ಜೋಪಾನವಾಗಿ ಒಯ್ದೆ. ಅಲ್ಲಿ ಮೂರು ದಿನ ಕಾದರೂ ನೀರು ತಣ್ಣಗಾಗಲೇ ಇಲ್ಲ. ಗಡಿಗೆಯ ಮೈ ಮಾತ್ರ ಸದಾ ಒದ್ದೆ. ಲಾರಿಯಲ್ಲಿ ಏನೋ ಕೆಟ್ಟಿತು ಅಂದುಕೊಂಡೆ. ಬ್ಯಾಂಕಿನ ಅಟೆಂಡರ್ ನಕ್ಕುಬಿಟ್ಟರು: “ಇಲ್ಲಿನ ಗಾಳಿಯೇ ಚಂಡಿ ಸಾರ್, ಮತ್ತೆ ಗಡಿಗೆ ಎಂತ ಮಾಡುವುದು ಮಾರಾಯ್ರೆ?” ಚಂಡಿ ಅಂದರೆ ಅಲ್ಲಿ ಒದ್ದೆ.

ನಾನು ಹವಾಮಾನ ಕಲಿತದ್ದು ಈ ಎರಡು ಮಾತಿನಲ್ಲಿ. ಗಡಿಗೆಯ ಸಣ್ಣ ರಂಧ್ರಗಳಿಂದ ನೀರು ಜಿನುಗುತ್ತದೆ, ಒಣಗಾಳಿ ಅದನ್ನು ಹೀರಿಕೊಳ್ಳುತ್ತದೆ, ಆವಿಯಾಗುವ ನೀರು ಗಡಿಗೆಯ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ. ಸಮುದ್ರದ ಬದಿಯ ಗಾಳಿಯಲ್ಲಿ ಮೊದಲೇ ನೀರಿನ ಪಸೆ ತುಂಬಿರುವುದರಿಂದ ಅದು ಇನ್ನಷ್ಟು ಹೀರುವುದು ಕಷ್ಟ. ನಮ್ಮ ಮೈಯೂ ಒಂದು ಗಡಿಗೆಯೇ. ಬೆವರು ಆರಿದರೆ ತಂಪು, ಆರದಿದ್ದರೆ ಅಂಟು. ಮಂಗಳೂರಿನ 33 ಡಿಗ್ರಿಯಲ್ಲಿ ಫ್ಯಾನಿನ ಕೆಳಗೇ ಅಂಗಿ ಬೆನ್ನಿಗಂಟುವುದೂ, ರಾಯಚೂರಿನ 40ರಲ್ಲಿ ಬೇವಿನ ಮರದ ಕೆಳಗೆ ಕುಳಿತು ಹರಟೆ ಹೊಡೆಯಲು ಸಾಧ್ಯವಾಗುವುದೂ ಇದರಿಂದಲೇ.

ಹಾಗೆಂದು ಆ 40ನ್ನು ಹಗುರವಾಗಿ ನೋಡಬೇಡ. ಒಣ ಊರಿನಲ್ಲಿ ಬೆವರು ಕಣ್ಣಿಗೆ ಕಾಣುವ ಮೊದಲೇ ಆರಿಹೋಗುತ್ತದೆ. ಮೈಯಿಂದ ಎಷ್ಟು ನೀರು ಹೋಯಿತೆಂದು ಗೊತ್ತಾಗುವುದಿಲ್ಲ. ಬಾಯಾರಿಕೆಗೆ ಕಾಯದೆ ನೀರು, ಉಪ್ಪು ಹಾಕಿದ ಮಜ್ಜಿಗೆ ಕುಡಿಯುತ್ತಿರು. ಬಿಸಿಲಲ್ಲಿ ಯಾರಿಗಾದರೂ ಮೈ ಕೆಂಡವಾಗಿ ಮಾತು ತೊದಲಿದರೆ ನೆರಳಿಗೆ ತಂದು ಮೈಗೆ ನೀರು ಹಾಕಿ, ಗಾಳಿ ಬೀಸಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಹೊಸ ಊರಿಗೆ ಹೋದಾಗ ಜನ ಬಿಸಿಲಿಗೆ ಯಾವ ಮಾತು ಆಡುತ್ತಾರೆ ಅಂತ ಕಿವಿಗೊಡು. ಕರಾವಳಿಯವರು “ಸೆಕೆ” ಅನ್ನುತ್ತಾರೆ, ರಾಯಚೂರಿನವರು “ಝಳ” ಅನ್ನುತ್ತಾರೆ. ಎರಡನ್ನೂ ನಿನ್ನ ಮೊಬೈಲು ಡಿಗ್ರಿ ಅಂತಲೇ ತೋರಿಸುತ್ತದೆ. ಸೆಕೆಗೆ ಗಾಳಿ ಬೇಕು, ಕಿಟಕಿ ತೆರೆದಿಡಬೇಕು. ಝಳಕ್ಕೆ ನೆರಳು ಬೇಕು; ಹಗಲು ಕಿಟಕಿ ಮುಚ್ಚಿ ಪರದೆ ಎಳೆದು, ಹೊರಗೆ ತಣಿದ ಮೇಲೆ ರಾತ್ರಿ ತೆರೆಯಬೇಕು. ಬೆಂಗಳೂರಿನ ಅಭ್ಯಾಸದಲ್ಲಿ ಮಧ್ಯಾಹ್ನ ಕಿಟಕಿ ತೆರೆದು ಕೂತರೆ ಒಲೆಯ ಬಾಯಿ ತೆರೆದ ಹಾಗೆ.

ಆ ಡಿಗ್ರಿ ಎಲ್ಲಿಯದು ಅನ್ನುವುದೂ ತಿಳಿದಿರಲಿ. ಹವಾಮಾನ ಇಲಾಖೆ ಉಷ್ಣಾಂಶ ಅಳೆಯುವುದು ಬಿಳಿ ಬಣ್ಣ ಬಳಿದ, ಗಾಳಿಯಾಡುವ ಮರದ ಪೆಟ್ಟಿಗೆಯೊಳಗೆ, ನೆಲದಿಂದ ನಾಲ್ಕಡಿ ಎತ್ತರದಲ್ಲಿ. ಅಂದರೆ ಅದು ನೆರಳಿನ ಲೆಕ್ಕ. ಮಧ್ಯಾಹ್ನ ಎರಡಕ್ಕೆ ಡಾಂಬರು ರಸ್ತೆಯಲ್ಲಿ ನಡೆಯುವವಳಿಗೆ ಸಿಗುವುದು ಅದಕ್ಕಿಂತ ಹೆಚ್ಚು. ನಿನ್ನ ಬೆಂಗಳೂರಿನ ತಂಪೂ ಅರ್ಧ ಎತ್ತರದ ದಾನ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ರಾಯಚೂರು ಸುಮಾರು 400. ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಈ ಲೆಕ್ಕದಲ್ಲಿ ಮೂರು ಡಿಗ್ರಿ ಬೆಂಗಳೂರಿಗೆ ಪುಕ್ಕಟೆ. ಅಂಥ ಊರೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತ್ತು.

ಮಳೆಯನ್ನು ಹೋಲಿಸುವಾಗ ಇನ್ನೂ ಎಚ್ಚರ ಬೇಕು. ಲಂಡನ್ನಿನಲ್ಲಿರುವ ನಿನ್ನ ಅಣ್ಣ “ಇಲ್ಲಿ ಬರೀ ಮಳೆ” ಅಂತ ಗೊಣಗುತ್ತಾನಲ್ಲ, ಆ ಊರಿನ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ರಾಯಚೂರಿನದ್ದೂ 600ರಿಂದ 700ರ ಒಳಗೆ! ವ್ಯತ್ಯಾಸ ಇರುವುದು ಸುರಿಯುವ ರೀತಿಯಲ್ಲಿ. ಅಲ್ಲಿ ಅದು ಹನ್ನೆರಡು ತಿಂಗಳಿಗೂ ಹಂಚಿ, ನೂರಕ್ಕೂ ಹೆಚ್ಚು ದಿನ ಚಿಮುಕಿಸುತ್ತದೆ. ಇಲ್ಲಿ ಅದರ ಬಹುಪಾಲು ಜೂನ್‌ನಿಂದ ಅಕ್ಟೋಬರ್ ಒಳಗೆ, ಕೆಲವೇ ದಿನಗಳಲ್ಲಿ ಧಪಧಪ ಸುರಿದು ಮುಗಿಯುತ್ತದೆ. ಬಿದ್ದದ್ದನ್ನು ಬಿಸಿಲು ಬೇಗ ಎಳೆದುಕೊಳ್ಳುತ್ತದೆ. ಅದಕ್ಕೇ ಎಷ್ಟು ಮಳೆ ಅಂತ ಕೇಳಿದ ಮೇಲೆ ಯಾವಾಗ, ಎಷ್ಟು ದಿನ ಅಂತಲೂ ಕೇಳಬೇಕು.

ನಾಲ್ಕನೆಯ ಪ್ರಶ್ನೆ ಚಳ್ಳಕೆರೆಯ ಶಾಖೆಯಲ್ಲಿ ಕಲಿತೆ: ಕೈಕೊಟ್ಟ ವರ್ಷ ಹೇಗಿತ್ತು? ನಮ್ಮ ಆಗುಂಬೆಗೆ ವರ್ಷಕ್ಕೆ 7,600 ಮಿಲಿಮೀಟರ್‌ನಷ್ಟು ಮಳೆ. ನೀರು ಹರಿದುಹೋಗದೆ ನಿಂತಿದ್ದರೆ ಎರಡಂತಸ್ತಿನ ಮನೆಯ ಎತ್ತರ. ಅಲ್ಲಿಂದ ನೇರ ಗೆರೆ ಎಳೆದರೆ ಸುಮಾರು ಇನ್ನೂರು ಕಿಲೋಮೀಟರ್ ದೂರದಲ್ಲಿ ಚಳ್ಳಕೆರೆ, 500ರ ಆಸುಪಾಸು. ಘಟ್ಟ ಹತ್ತುವಾಗಲೇ ಮೋಡ ತನ್ನ ಹೊರೆ ಇಳಿಸಿಬಿಡುತ್ತದೆ, ಬೆನ್ನ ಹಿಂದಿನ ಊರಿಗೆ ಉಳಿಯುವುದು ಅಷ್ಟೇ. ಸರಾಸರಿ ಅಂದರೆ ಮೂವತ್ತು ವರ್ಷವನ್ನು ಕಲಸಿ ಮಾಡಿದ ಮುದ್ದೆ. ಸಾಲ ಕೇಳಲು ಬಂದ ರೈತ ನನ್ನ ಮೇಜಿನ ಮೇಲೆ ಸರಾಸರಿ ಇಡುತ್ತಿರಲಿಲ್ಲ, ಹೋದ ವರ್ಷ ಬಾರದೇ ಹೋದ ಮಳೆಯನ್ನು ಇಡುತ್ತಿದ್ದ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಆ ಪಟ್ಟಿ ಓದಿದಾಗ ನನಗೆ ನೆನಪಾದದ್ದು ಆ ರೈತನ ಮುಖ.

ಇನ್ನು ರಜಾಯಿ. “ಬಿಸಿಲ ನಾಡಿಗೆ ಹೊದಿಕೆ ಏಕೆ” ಅಂತ ನಿನ್ನ ಅಮ್ಮ ತೆಗೆದಿಟ್ಟಿದ್ದಾಳಂತೆ. ಮತ್ತೆ ಪೆಟ್ಟಿಗೆಗೆ ಹಾಕು. ಸಮುದ್ರ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ; ಅದಕ್ಕೇ ಮಂಗಳೂರಿನಲ್ಲಿ ಹಗಲಿಗೂ ರಾತ್ರಿಗೂ ದೊಡ್ಡ ಅಂತರವಿಲ್ಲ. ಒಳನಾಡಿನ ನೆಲಕ್ಕೆ ಆ ತಾಳ್ಮೆಯಿಲ್ಲ. ಬೇಗ ಕಾದು ಬೇಗ ಆರುತ್ತದೆ. ಡಿಸೆಂಬರ್ ರಾತ್ರಿ ಮಂಗಳೂರಿಗಿಂತ ರಾಯಚೂರು ತಂಪು, ಬೀದರ್‌ನಲ್ಲಂತೂ ಹತ್ತು ಡಿಗ್ರಿಯ ಹತ್ತಿರಕ್ಕೂ ಇಳಿಯುತ್ತದೆ. ಅವರು “ಥಂಡಿ” ಅಂದಾಗ ನಿನಗೆ ನೆಗಡಿಯ ನೆನಪಾದೀತು. ಅವರು ಹೇಳುತ್ತಿರುವುದು ಚಳಿಯನ್ನು.

ಊರಿನವರು ಬದುಕುವ ಹೊತ್ತನ್ನು ನೀನೂ ಹಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ವಾಡಿಕೆ ಇದೆ. ಸಂತೆ, ಪೇಟೆಯ ಕೆಲಸ ಬೆಳಿಗ್ಗೆ ಇಲ್ಲವೇ ಹೊತ್ತು ಮುಳುಗಿದ ಮೇಲೆ ಇಟ್ಟುಕೋ. ಹಳ್ಳಿಯಿಂದ ಕಚೇರಿಗೆ ಬರುವವರನ್ನು ಯಾವ ಮಳೆ ನಡೆಯುತ್ತಿದೆ ಅಂತ ಕೇಳು. ಒಂದೊಂದು ಮಳೆ ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ನಮ್ಮ ಮಲೆನಾಡಿನಲ್ಲಿ ಎಲ್ಲರ ಕಣ್ಣು ಆರಿದ್ರಾ ಮೇಲೆ. ಜೋಳದ ಸೀಮೆಯವರು “ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ” ಅಂತ ಅದಕ್ಕೂ ಮುಂಚೆಯೇ ಮುಗಿಲು ನೋಡುತ್ತಾರೆ. ಪಂಚಾಂಗ ಒಂದೇ, ಕಾಯುವ ಪುಟ ಬೇರೆ.

ಒಂದು ಮಾತು ಮಾತ್ರ ಅಲ್ಲಿ ಬಾಯಿಗೆ ಬರಕೂಡದು: “ನಮ್ಮ ಬೆಂಗಳೂರಲ್ಲಿ ಹೀಗಿಲ್ಲ.” ಅದನ್ನು ಎಂಟು ದಿನ ಹೇಳಿ ಮಾನ ಕಳೆದುಕೊಂಡವನು ನಾನು.

ರಾಯಚೂರು ಸೇರಿದ ವಾರವೇ ಒಂದು ಗಡಿಗೆ ಕೊಂಡುಕೋ. ತಟ್ಟಿ ನೋಡು, ಟಣ್ ಅನ್ನಬೇಕು. ಒಂದು ರಾತ್ರಿ ನೀರು ತುಂಬಿಟ್ಟು ಚೆಲ್ಲಿ, ಮಾರನೆಯ ದಿನದಿಂದ ಕುಡಿ. ಮುಂದೆ ಎಂದಾದರೂ ನಿನಗೆ ಅಲ್ಲಿಂದ ವರ್ಗವಾದರೆ, ಗಡಿಗೆ ತೊಳೆದು, ನಿನ್ನ ಜಾಗಕ್ಕೆ ಬರುವವರಿಗೆ ಕೊಟ್ಟು ಬಾ. ಹೊಸಬರು ತಮ್ಮೂರಿನ ಮಳೆಯ ಸುದ್ದಿ ತೆಗೆದರೆ ಏನು ಹೇಳಬೇಕೆಂದು ನಿನಗೆ ಗೊತ್ತೇ ಇದೆ.

ನಿನ್ನ
ದೊಡ್ಡಪ್ಪ