ಮಂಜು ಮುಸುಕಿದ ಮುಂಜಾವಿನ ದಾರಿ

ಕಲ್ಲೂರಿನ ಮಾನ್ಯ ಓದುಗರೆ,

ಧನುರ್ಮಾಸದ ನಸುಕಿನಲ್ಲಿ ವೃದ್ಧ ಮಾತೆಯವರನ್ನು ಮೋಟಾರು ಸೈಕಲ್ಲಿನಲ್ಲಿ ರಾಯಚೂರಿನ ಆಸ್ಪತ್ರೆಗೆ ಕರೆದೊಯ್ಯುವ ವಿಷಯದಲ್ಲಿ ತಮಗುಂಟಾಗಿರುವ ಚಿಂತೆ ಯಥಾರ್ಥವಾದುದು. ನಿರಭ್ರವಾದ ಇರುಳಿನಲ್ಲಿ ನೆಲವು ತಾಪವನ್ನು ಕಳೆದುಕೊಂಡು ತಣಿದಾಗ, ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನ್ವಿ ಸೀಮೆಯ ಗದ್ದೆಗಳ ತೇವವು ಮಂಜಾಗಿ ನೆಲಮಟ್ಟದಲ್ಲಿಯೇ ನಿಲ್ಲುವುದರಿಂದ, ಊರೊಳಗೆ ತಿಳಿಯಾಗಿದ್ದ ದಾರಿಯು ಹೊಲಗಳ ನಡುವೆ ಹಠಾತ್ತನೆ ಅದೃಶ್ಯವಾಗುವುದುಂಟು. ಅಲ್ಲಿ ದೀಪವನ್ನು ಮೇಲ್ಮುಖವಾಗಿ ಹಾಯಿಸಿದರೆ ಬೆಳಕು ಹನಿಗಳಿಗೆ ತಾಗಿ ಹಿಂದಿರುಗಿ ಕಣ್ಣನ್ನು ಕೋರೈಸುವುದಾದ್ದರಿಂದ ಅದನ್ನು ತಗ್ಗಿಸಿಯೇ ಇಡತಕ್ಕದ್ದು. ನನಗೆ ಅತ್ಯಂತ ಭೀತಿಯನ್ನುಂಟುಮಾಡುವುದು, ಹಿಂಬದಿಯ ದೀಪವಿಲ್ಲದೆ ಹತ್ತಿಯನ್ನೋ ಭತ್ತವನ್ನೋ ಹೇರಿಕೊಂಡು ಸಾಗುವ ಟ್ರ್ಯಾಕ್ಟರು. ಆದಕಾರಣ ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗವನ್ನು ಎಂದಿಗೂ ಮೀರಬೇಡಿರಿ. ವೈದ್ಯರನ್ನು ಬಿಸಿಲೇರಿದ ಬಳಿಕ ಕಾಣಲು ಸಾಧ್ಯವೇ ಎಂದು ಮೊದಲೇ ವಿಚಾರಿಸಿರಿ. ಆಗದಿದ್ದರೆ ಮಾತೆಯವರಿಗೆ ಕಂಬಳಿ ಹೊದಿಸಿ, ಕಿವಿ ಮುಚ್ಚಿಸಿ, ಬಸ್ಸಿನಲ್ಲಿಯೇ ಕರೆದೊಯ್ಯಿರಿ.