ಮೂವತ್ತೈದನೆಯ ಬಾಂಬು

ಆಕಾಶದಿಂದ ಬಿದ್ದ ಬಾಂಬು ಸಿಡಿಯದಿದ್ದರೆ ಗಂಡಾಂತರ ತಪ್ಪಿತು ಎಂದುಕೊಳ್ಳುತ್ತೇವೆ. 1940ರ ಲಂಡನ್ನಿನಲ್ಲಿ ಹಾಗೆಂದುಕೊಳ್ಳುವಂತಿರಲಿಲ್ಲ. ಜರ್ಮನರ ಕೆಲವು ಬಾಂಬುಗಳ ಫ್ಯೂಸಿನೊಳಗೆ ಗಡಿಯಾರವಿರುತ್ತಿತ್ತು. ಬಿದ್ದು ಎರಡು ಮೂರು ದಿನವಾದ ಮೇಲೂ ಅವು ಸಿಡಿಯುತ್ತಿದ್ದವು. ಇನ್ನೊಂದು ಬಗೆಯ ಫ್ಯೂಸು ಸ್ವಲ್ಪ ಅಲುಗಿದರೂ ಸಾಕು, ಸಿಡಿಸಿಬಿಡುತ್ತಿತ್ತು. ಒಂದೇ ಬಾಂಬಿನಲ್ಲಿ ಎರಡೂ ಇದ್ದರೆ? ಕಾಯುವಂತಿಲ್ಲ, ಮುಟ್ಟುವಂತಿಲ್ಲ.

ಇಂಥವುಗಳ ಒಳಗುಟ್ಟು ಬಿಡಿಸಲು ಹೊರಟವರು ಚಾರ್ಲ್ಸ್ ಹೋವರ್ಡ್, ಸಫೊಕ್‌ನ 20ನೇ ಅರ್ಲ್. ಅರ್ಲ್ ಎಂಬುದು ವಂಶಪಾರಂಪರ್ಯದ ಪದವಿ. 1917ರಲ್ಲಿ ತಂದೆ ಮೆಸಪೊಟೇಮಿಯದ ರಣರಂಗದಲ್ಲಿ ಮಡಿದಾಗ ಹನ್ನೊಂದು ವರ್ಷದ ಹುಡುಗನಿಗೆ ಅದು ಬಂತು. ನಮ್ಮ ದೇಶದ ನಂಟೂ ಉಂಟು: ಇವರ ದೊಡ್ಡಮ್ಮ ಮೇರಿ, ವೈಸರಾಯ್ ಕರ್ಜನ್ ಅವರ ಪತ್ನಿ. ಹೋವರ್ಡ್ ಅರಮನೆಯಲ್ಲಿ ಕೂತು ಉಣ್ಣಲಿಲ್ಲ. ಹಾಯಿಹಡಗಿನಲ್ಲಿ ದುಡಿದರು, ಎಡಿನ್‌ಬರೊದಲ್ಲಿ ಔಷಧಶಾಸ್ತ್ರ ಓದಿದರು. 1940ರ ಜೂನ್‌ನಲ್ಲಿ ಫ್ರಾನ್ಸ್ ಸೋಲುತ್ತಿದ್ದಾಗ ಬೋರ್ಡೊ ಬಂದರಿನಿಂದ ವಿಜ್ಞಾನಿಗಳನ್ನೂ ವಜ್ರಗಳನ್ನೂ ಅಣುಸಂಶೋಧನೆಗೆ ಬೇಕಾದ ಭಾರಜಲವನ್ನೂ 'ಬ್ರೂಂಪಾರ್ಕ್' ಹಡಗಿನಲ್ಲಿ ಇಂಗ್ಲೆಂಡಿಗೆ ದಾಟಿಸಿದರು. ಅದೇ ಒಂದು ಪುಸ್ತಕವಾಗುವಷ್ಟಿದೆ, ಇಲ್ಲಿ ಬೇಡ.

ನೀವು ಗಮನಿಸಬೇಕಾದದ್ದು ಅವರು ಕೆಲಸ ಮಾಡುತ್ತಿದ್ದ ರೀತಿ. ಬಾಂಬಿಗೆ ಸ್ಟೆತೊಸ್ಕೋಪ್ ಹಚ್ಚಿ ಗಡಿಯಾರದ ಟಿಕ್‌ಟಿಕ್ ಆಲಿಸುವುದು ಈ ಕಸುಬಿನಲ್ಲಿ ಮೊದಲ ಪಾಠ. ಹೋವರ್ಡ್ ಇಡುವ ಒಂದೊಂದು ಹೆಜ್ಜೆಯನ್ನೂ ಬಾಯಲ್ಲಿ ಹೇಳುತ್ತಿದ್ದರು; ಕಾರ್ಯದರ್ಶಿ ಐಲೀನ್ ಬೆರಿಲ್ ಮೋರ್ಡನ್ ಬರೆದುಕೊಳ್ಳುತ್ತಿದ್ದರು. ಏಕೆ? ನಡುವೆ ಅನಾಹುತವಾದರೆ ಎಲ್ಲಿ ತಪ್ಪಿತೆಂದು ಮುಂದಿನವರಿಗೆ ತಿಳಿಯಬೇಕಲ್ಲ. ಬಾಂಬನ್ನು ಬಿಚ್ಚುವಷ್ಟೇ ದೊಡ್ಡ ಕೆಲಸ ಆ ಬರವಣಿಗೆ ಎಂದು ನಾನು ನಂಬುತ್ತೇನೆ. ಜೊತೆಗೆ ಚಾಲಕ ಫ್ರೆಡ್ ಹಾರ್ಡ್ಸ್. ಈ ಮೂವರನ್ನು ಜನ 'ಹೋಲಿ ಟ್ರಿನಿಟಿ' ಎಂದೇ ಕರೆಯುತ್ತಿದ್ದರು.

ಮೂವತ್ನಾಲ್ಕು ಬಾಂಬುಗಳು ಅವರ ಕೈಗೆ ಮಣಿದವು. 1941ರ ಮೇ 12ರಂದು ಎರಿತ್ ಜವುಗುಭೂಮಿಯಲ್ಲಿ ಮೂವತ್ತೈದನೆಯದು ಸಿಡಿಯಿತು. ಮೂವರೂ ಹೋದರು; ಹತ್ತಿರವಿದ್ದ ಇತರರೂ ಸತ್ತರು. ಹೋವರ್ಡ್ ಅವರಿಗೆ ಆಗ 35 ವರ್ಷ. ಮರಣಾನಂತರ ಅವರಿಗೆ ಜಾರ್ಜ್ ಕ್ರಾಸ್ ಪದಕ ಬಂತು.

ಮೈಕಲ್ ಒಂಡಾಟ್ಜೆ ಅವರ 'ದಿ ಇಂಗ್ಲಿಷ್ ಪೇಷೆಂಟ್' ಕಾದಂಬರಿಯಲ್ಲಿ ಕಿಪ್ ಎಂಬ ಸಿಖ್ ಯೋಧನಿಗೆ ಬಾಂಬಿನ ವಿದ್ಯೆ ಕಲಿಸುವ ಗುರು ಇದೇ ಲಾರ್ಡ್ ಸಫೊಕ್. ಅದನ್ನು ಓದುವಾಗ ಅರ್ಲ್ ಒಬ್ಬರನ್ನೇ ನೆನೆಯಬೇಡಿ. ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಮೋರ್ಡನ್ ಅವರನ್ನೂ ಹಾರ್ಡ್ಸ್ ಅವರನ್ನೂ ಹೆಸರು ಹಿಡಿದು ನೆನೆಯಿರಿ.