ನಡುಕ ಬರುವ ಮೊದಲೇ ಬೆಚ್ಚಗಿಡಿ

ಅರಿವಳಿಕೆ ವಿಭಾಗಕ್ಕೆ ಹೊಸದಾಗಿ ಸೇರಿರುವ ಮಕ್ಕಳೇ, ಆಪರೇಷನ್ ಮುಗಿದು ಎಚ್ಚರವಾಗುವಾಗ ರೋಗಿ ಗಡಗಡ ನಡುಗಿದರೆ ‘ಎಲ್ಲರಿಗೂ ಹೀಗೇ ಆಗುತ್ತೆ’ ಎಂದು ಸುಮ್ಮನಾಗಬೇಡಿ. ಆ ನಡುಕಕ್ಕೆ ಮೈ ಬೇಡುವ ಆಮ್ಲಜನಕ ಎರಡು–ಮೂರು ಪಟ್ಟು ಏರಬಹುದು. ಹೊಲಿಗೆ ಜಗ್ಗಿ ನೋವು ಹೆಚ್ಚುತ್ತದೆ. ಹೃದಯ ಸೋತವರಿಗೆ ಅದು ತಡೆಯಲಾಗದ ಹೊರೆ.

• ಮೊದಲೇ ಬೆಚ್ಚಗೆ ಮಾಡಿ. ಅರಿವಳಿಕೆ ಕೊಟ್ಟೊಡನೆ ರಕ್ತನಾಳಗಳು ಹಿಗ್ಗಿ ಒಡಲಿನ ಶಾಖ ಕೈಕಾಲಿಗೆ ಹರಿಯುತ್ತದೆ. ಮೊದಲ ಗಂಟೆಯಲ್ಲೇ ಒಳಗಿನ ತಾಪ 1ರಿಂದ 1.5 ಡಿಗ್ರಿ ಸೆಲ್ಸಿಯಸ್ ಇಳಿಯಬಹುದು. ಅದಕ್ಕೇ ಅರಿವಳಿಕೆಗೆ ಮುಂಚೆ 10ರಿಂದ 30 ನಿಮಿಷ ಬಿಸಿಗಾಳಿ ಹೊದಿಕೆ ಹಾಕಿ. ಕೈಕಾಲು ಬಿಸಿಯಿದ್ದರೆ ಒಡಲಿನ ಶಾಖ ಅಷ್ಟು ಸೋರುವುದಿಲ್ಲ.

• ಮುಟ್ಟಿ ನೋಡಿ ನಂಬಬೇಡಿ, ಅಳೆಯಿರಿ. ತಾಪ 36 ಡಿಗ್ರಿಗಿಂತ ಕಡಿಮೆಯಿದ್ದು ತುರ್ತೇನೂ ಇಲ್ಲದಿದ್ದರೆ, ಬೆಚ್ಚಗಾಗುವವರೆಗೆ ಕಾಯಲು ಹೇಳಿ. ಆಪರೇಷನ್ ನಡೆಯುವಾಗ ಅರ್ಧ ಗಂಟೆಗೊಮ್ಮೆ, ರಿಕವರಿಯಲ್ಲಿ ಕಾಲು ಗಂಟೆಗೊಮ್ಮೆ ನೋಡಿ.

• ಎಸಿ ಮೇಲೆ ಕಣ್ಣಿಡಿ. ಗೌನು ತೊಟ್ಟವರಿಗೆ ಸೆಕೆ, ಬರಿಮೈಯಲ್ಲಿ ಮಲಗಿದವರಿಗೆ ಚಳಿ. ರೋಗಿಗೆ ಹೊದಿಸಿ ಬಿಸಿಗಾಳಿ ಶುರುವಾಗುವವರೆಗೆ ಥಿಯೇಟರು 21 ಡಿಗ್ರಿಗಿಂತ ತಣ್ಣಗಾಗಬಾರದು.

• ಡ್ರಿಪ್ ಬಿಸಿ ಮಾಡಿ. ಕೋಣೆಯ ತಾಪದಲ್ಲಿರುವ ಒಂದು ಲೀಟರ್ ಸಲೈನ್ ದೊಡ್ಡವರ ಮೈತಾಪವನ್ನು ಸುಮಾರು ಕಾಲು ಡಿಗ್ರಿ ಇಳಿಸುತ್ತದೆ. ಅರ್ಧ ಲೀಟರ್ ಮೀರುವಂತಿದ್ದರೆ ವಾರ್ಮರ್ ಮೂಲಕ 37 ಡಿಗ್ರಿಗೆ ತಂದು ಕೊಡಿ.

• ಬಿಸಿನೀರಿನ ಬಾಟಲಿ ಮಗ್ಗುಲಲ್ಲಿಡಬೇಡಿ. ಮಂಪರಿನಲ್ಲಿರುವವರಿಗೆ ಚರ್ಮ ಸುಡುವುದೂ ತಿಳಿಯದು.

• ನಡುಗದ ಮುದುಕರನ್ನು ಮರೆಯಬೇಡಿ. ವಯಸ್ಸಾದವರಿಗೆ ನಡುಗುವ ಶಕ್ತಿಯೇ ಕುಂದಿರುತ್ತದೆ. ಮೈ ತಣ್ಣಗಾಗಿದ್ದರೂ ಅವರು ಸುಮ್ಮನೆ ಮಲಗಿರುತ್ತಾರೆ.

• ನಡುಕ ಬಂದೇಬಿಟ್ಟರೆ, ಮೊದಲು ಆಮ್ಲಜನಕ ಕೊಡಿ. ತಾಪ ಅಳೆದು ಬಿಸಿಗಾಳಿ ಹಚ್ಚಿ. ನೋವಿದೆಯೇ ಕೇಳಿ, ನೋವಿನಿಂದಲೂ ನಡುಕ ಬರುತ್ತದೆ. ಆಮೇಲೂ ನಿಲ್ಲದಿದ್ದರೆ ವೈದ್ಯರು ಪೆಥಿಡಿನ್ ಅಥವಾ ಟ್ರಮಡಾಲ್ ಬರೆಯುತ್ತಾರೆ. ಪೆಥಿಡಿನ್ ಸಾಮಾನ್ಯವಾಗಿ 25 ಮಿಲಿಗ್ರಾಂ, ನಿಧಾನವಾಗಿ ರಕ್ತನಾಳಕ್ಕೆ. ರೋಗಿ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ವೈದ್ಯರಿಗೆ ತಿಳಿಸಿ. ಕೆಲವು ಮಾತ್ರೆಗಳೊಂದಿಗೆ ಈ ಎರಡೂ ಮದ್ದು ಅಪಾಯ. ಕೊಟ್ಟ ಮೇಲೆ ಉಸಿರಾಟ ಗಮನಿಸುತ್ತಲೇ ಇರಿ.

• ಮಾತಾಡಿಸಿ. ‘ಚಳಿ ಅನಿಸಿದರೆ ತಕ್ಷಣ ಹೇಳಿ, ಬೆಚ್ಚಗೆ ಮಾಡುತ್ತೇವೆ’ ಎಂದು ಹಿಂದಿನ ದಿನವೇ ರೋಗಿಗೂ ಮನೆಯವರಿಗೂ ತಿಳಿಸಿ.

• ವಾರ್ಡಿಗೆ ಅವಸರದಿಂದ ಕಳಿಸಬೇಡಿ. ಹಾಸಿಗೆ ಖಾಲಿ ಮಾಡಿ ಎಂದು ಯಾರೇ ಒತ್ತಾಯಿಸಲಿ, ತಾಪ 36 ಮುಟ್ಟಿದೆ ಎಂದು ಚಾರ್ಟಿನಲ್ಲಿ ಬರೆದ ಮೇಲೆಯೇ ಟ್ರಾಲಿ ಹೊರಡಲಿ.